ಮಗ್ಗದ ಓಣಿ ಶಾಲೆಯ ಮರೆವಿನ ಪಡಸಾಲೆ

ಇದು ನಡೆದ ಸಂಗತಿ. ನೀವು ಓದುವ ಹೊತ್ತಿಗೆ ಇನ್ನೂ ನಡೆದಿರಲಿಕ್ಕಿಲ್ಲ, ಅದೊಂದು ಸಣ್ಣ ತೊಂದರೆ. ಉಳಿದದ್ದೆಲ್ಲ ಅಪ್ಪಟ ಸತ್ಯ. ಕಥೆಯ ಮುಖ್ಯ ವ್ಯಕ್ತಿ ಇದನ್ನು ಅಚ್ಚಿಗೆ ಕೊಡುವ ಮುಂಚೆ ಬೆರಳಿಟ್ಟು ಅಕ್ಷರಕ್ಷರ ಓದಿ, ಮೂರು ಕಡೆ ನನ್ನ ತಪ್ಪು ತಿದ್ದಿ, ಒಪ್ಪಿಗೆಯ ಸಹಿ ಹಾಕಿದ್ದಾರೆ. ಸಹಿಗೆ ಎರಡು ದಿನ ಹಿಡಿಯಿತು. ಅವರು ಓದದೆ ಸಹಿ ಹಾಕುವವರಲ್ಲ. ಹಾಗೇಕೆ ಎಂಬುದೇ ಈ ಕಥೆ.

ಮೊದಲು ಕಾಲ ಎಂಥದ್ದಿತ್ತು ಎಂದು ಹೇಳಿಬಿಡುತ್ತೇನೆ. ಕುಕ್ಕಿ ಎಂಬುದೊಂದಿತ್ತು. ಚಹಾದಲ್ಲಿ ಅದ್ದುವಂಥದ್ದಲ್ಲ. ನೀವು ಯಾವುದೋ ಜಾಲತಾಣಕ್ಕೆ ಹೋದರೆ ಅದು ನಿಮ್ಮ ಫೋನಿನ ಕಿಸೆಯಲ್ಲಿ ಗುಟ್ಟಾಗಿ ಒಂದು ಚೀಟಿ ತುರುಕಿ ಕಳಿಸುತ್ತದೆ. ಮತ್ತೆ ಹೋದಾಗ ಚೀಟಿ ನೋಡಿ ಗುರುತು ಹಿಡಿಯುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಚೀಟಿಗಳು ಫೋನಿನಲ್ಲಷ್ಟೇ ಇದ್ದವಂತೆ. ನಮ್ಮ ಕಾಲಕ್ಕೆ ಅವು ಬಾಗಿಲು, ಕುರ್ಚಿ, ತಕ್ಕಡಿ, ಫ್ರಿಜ್ಜು ಎಲ್ಲದರೊಳಗೂ ಸೇರಿಕೊಂಡು ತಮ್ಮತಮ್ಮಲ್ಲೇ ಮಾತಾಡತೊಡಗಿದ್ದವು. ಕಟಿಂಗ್ ಶಾಪಿನ ಕುರ್ಚಿ, ನಮ್ಮ ಪಕ್ಕದ ಮನೆಯ ಹಿರಿಯರು ಕೂತ ಕೂಡಲೇ, ಕೂದಲಿಗೆ ಹೋದ ಸಲದ ಬಣ್ಣವೇ ಇರಲೋ ಎಂದು ನಾಲ್ಕು ಮಂದಿಯ ಎದುರು ಕೇಳುತ್ತಿತ್ತು. ನಾನು ಸ್ಟೇಷನ್ ರಸ್ತೆಯಲ್ಲಿ ನಾಲ್ಕು ಮಿರ್ಚಿ ತಿಂದು ಮನೆ ಮುಟ್ಟುವಷ್ಟರಲ್ಲಿ ನಮ್ಮ ಫ್ರಿಜ್ಜು ನನ್ನ ಹೆಂಡತಿಗೆ ವರದಿ ಒಪ್ಪಿಸಿ, ರಾತ್ರಿ ಒಂದೇ ರೊಟ್ಟಿ ಸಾಕೆಂದು ತೀರ್ಪು ಕೊಟ್ಟಿರುತ್ತಿತ್ತು. ಕುಕ್ಕಿಗಳು ನಮ್ಮನ್ನು ಕುಕ್ಕಿ ಕುಕ್ಕಿ ತಿಂದ ಕಾಲ ಅದು.

ಜನ ಹೊಂದಿಕೊಂಡರು. ಹೇಗೆಂದರೆ, ಕೇಳುವುದನ್ನೇ ಬಿಟ್ಟರು. ಕೇಳಿದ ಪ್ರಶ್ನೆ ಎಲ್ಲೋ ಉಳಿಯುತ್ತದೆ, ನಾಳೆ ಯಾರೋ ಅದನ್ನು ತೆಗೆದು ತೋರಿಸುತ್ತಾರೆ ಎಂಬ ಅಂಜಿಕೆ. ಐದನೆಯ ತರಗತಿಯಲ್ಲಿ ಗುಣಾಕಾರ ತಪ್ಪಿದ್ದನ್ನು ಇಪ್ಪತ್ತು ವರ್ಷದ ನಂತರ ಕೆಲಸದ ಸಂದರ್ಶನದಲ್ಲಿ ಎದುರಿಗಿಟ್ಟ ಉದಾಹರಣೆ ನಮ್ಮ ಗದಗಿನಲ್ಲೇ ಇತ್ತು. ಹೀಗಾಗಿ ತರಗತಿಗಳಲ್ಲಿ ಮಕ್ಕಳು ಕೈ ಎತ್ತುವುದು ನಿಂತಿತು. ಇದನ್ನು ಮೊದಲು ಗಮನಿಸಿದವರು ಬೆಟಗೇರಿಯ ಮಗ್ಗದ ಓಣಿ ಶಾಲೆಯ ಮುಖ್ಯೋಪಾಧ್ಯಾಯಿನಿ ನೀಲಾಂಬಿಕಾ ಶಿರೋಳ ಮೇಡಂ. ಭೌತಶಾಸ್ತ್ರ ಓದಿಕೊಂಡವರು. ಒಂದು ದಿನ ಎಂಟನೆಯ ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠ ಮುಗಿಸಿ ಸಂಶಯವಿದ್ದರೆ ಕೇಳಿರಿ ಎಂದರೆ, ನಲವತ್ತೆರಡು ಮಕ್ಕಳು ಮೊದಲು ಗೋಡೆಯ ಮೇಲಿನ ಕ್ಯಾಮೆರಾ ನೋಡಿ, ಆಮೇಲೆ ತಲೆ ತಗ್ಗಿಸಿದರಂತೆ. ಮೇಡಂ ನೆಟ್ಟಗೆ ನನ್ನ ಕೋಣೆಗೆ ಬಂದರು.

ನನ್ನ ಹೆಸರು ಫಕೀರೇಶ ಕುರಡಗಿ. ಶಾಲೆಯ ಕಂಪ್ಯೂಟರ್ ಮಾಸ್ತರ. ಓಣಿಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗಿಳಿ ಮಾಸ್ತರ ಎನ್ನಬೇಕು. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ದನಿಯಲ್ಲಿ ಫೋನು ಮಾಡಿ ಇಡೀ ಕಾಲೇಜಿಗೆ ರಜೆ ಕೊಡಿಸಿದವನು ನಾನು. ಯಾರ ದನಿಯಾದರೂ ಎರಡು ಸಲ ಕಿವಿಗೆ ಬಿದ್ದರೆ ಮೂರನೆಯ ಸಲ ನನ್ನ ಬಾಯಿಂದ ಬರುತ್ತದೆ. ನನ್ನ ಕೋಣೆ ಅಂದರೆ ಹಿಂದೆ ಬಿಸಿಯೂಟದ ಉಗ್ರಾಣವಾಗಿದ್ದದ್ದು. ಯಂತ್ರಗಳ ನಡುವೆ ಈಗಲೂ ತೊಗರಿಬೇಳೆಯ ವಾಸನೆ.

ಆ ವಾಸನೆಯಲ್ಲಿ ಕೂತು ಮೇಡಂ ಮತ್ತು ನಾನು ಎರಡು ವರ್ಷ ಕೆಲಸ ಮಾಡಿ ಶಾಲೆಯ ಹೊಸ ಜಾಲತಾಣ ಕಟ್ಟಿದೆವು. ಅದಕ್ಕೆ ಪಡಸಾಲೆ ಎಂದು ಹೆಸರಿಟ್ಟೆವು. ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದು, ಯಾವ ತರಗತಿಯ ಪಾಠವನ್ನಾದರೂ ಕಲಿಯಬಹುದು. ಅದರೊಳಗೆ ನಾವು ಸೇರಿಸಿದ ಹೊಸ ಸಂಗತಿಗೆ ಒರಸುಬಟ್ಟೆ ಎಂದು ಹೆಸರು. ಬಂದವರ ದನಿ ಅವರ ಫೋನು ಬಿಟ್ಟು ಹೊರಗೆ ಬರುವುದೇ ಇಲ್ಲ. ಅಲ್ಲೇ ಅಕ್ಷರವಾಗಿ, ಅಲ್ಲೇ ಹೆಸರು, ಊರು, ಮನೆತನ ಎಲ್ಲ ಒರಸಿಹೋಗಿ, ಬರಿಯ ಪ್ರಶ್ನೆ ಮಾತ್ರ ನಮಗೆ ಮುಟ್ಟುತ್ತದೆ. ಕುಕ್ಕಿ ನಾವೂ ಕೊಡುತ್ತೇವೆ. ಆದರೆ ಅದು ಮಠದ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಹಿತ್ತಾಳೆ ಬಿಲ್ಲೆಯ ಥರ. ಬಿಲ್ಲೆ ತಂದವರಿಗೆ ಅವರ ಚಪ್ಪಲಿ ಸಿಗುತ್ತದೆ. ಕಾಯುವವನಿಗೆ ಅವರು ಯಾರೆಂದು ಗೊತ್ತಿರಬೇಕಾದ್ದಿಲ್ಲ. ನಮ್ಮ ಬಿಲ್ಲೆಯ ಮೇಲೆ ಇರುವುದಿಷ್ಟೇ, ಹೋದ ಸಲ ಎಷ್ಟನೆಯ ಪಾಠದವರೆಗೆ ಬಂದಿದ್ದಿರಿ ಎಂಬುದು. ಅದರ ನಂಬರು ಕೂಡ ದಿನಾ ಬದಲು. ಇನ್ನು ಬರೆದದ್ದು, ಕೇಳಿದ್ದು, ತಪ್ಪಿದ್ದು ಎಲ್ಲ ಸಂಜೆ ಆರು ಗಂಟೆಗೆ ಪಾಟಿ, ಅಂದರೆ ಸ್ಲೇಟು, ಒರಸಿದಂತೆ ಒರಸಿಹೋಗುತ್ತದೆ.

ಮೊದಲ ಪುಟದ ಸೂಚನೆಯನ್ನು ಮೇಡಂ ತಾವೇ ಬರೆದರು. ಬೇರೆ ಜಾಲತಾಣಗಳಲ್ಲಿ ಇಂಥ ಸೂಚನೆ ನಲವತ್ತು ಪುಟ ಇರುತ್ತದೆ, ಓದಬಾರದೆಂದೇ ಬರೆದಿರುತ್ತಾರೆ. ಮೇಡಂ ಬರೆದದ್ದು ಇಷ್ಟು: ‘ನೀವು ಬಂದಿರಿ ಎಂಬುದು ನಮಗೆ ಗೊತ್ತಾಗುತ್ತದೆ. ನೀವು ಯಾರೆಂಬುದು ಗೊತ್ತಾಗುವುದಿಲ್ಲ. ನಿಮ್ಮ ಬಿಲ್ಲೆ ನಿಮ್ಮ ಹತ್ತಿರವೇ ಇರುತ್ತದೆ. ಬೇಡವೆನಿಸಿದರೆ ಬಿಸಾಡಿ, ಪಾಠ ನಿಲ್ಲುವುದಿಲ್ಲ. ಇಲ್ಲಿ ಮಾಡಿದ ತಪ್ಪು ಸಂಜೆ ಆರಕ್ಕೆ ಅಳಿಯುತ್ತದೆ. ನಾಚಿಕೆಪಡದೆ ಕೇಳಿ.’

ಇದನ್ನು ಈಗ ಬರೆಯುವಾಗಲೂ ನನ್ನ ಎದೆ ಎರಡು ಇಂಚು ಉಬ್ಬುತ್ತದೆ. ಇಡೀ ಜಿಲ್ಲೆಯಲ್ಲಿ ಎಲ್ಲ ಬಾಗಿಲುಗಳೂ ನೆನಪಿಟ್ಟುಕೊಳ್ಳುತ್ತಿದ್ದಾಗ, ಮರೆಯಲು ಕಲಿತ ಬಾಗಿಲು ನಮ್ಮದೊಂದೇ. ಒಂದು ತಿಂಗಳಲ್ಲಿ ಮಕ್ಕಳು ಪ್ರಶ್ನೆ ಕೇಳತೊಡಗಿದರು. ಎರಡನೆಯ ತಿಂಗಳಲ್ಲಿ ಅವರ ತಾಯಂದಿರು. ಮೂರನೆಯ ತಿಂಗಳಲ್ಲಿ ಚಂದ್ರನ ಮೇಲೆ ಕಾಲಿಟ್ಟದ್ದು ಖರೇನೋ ಸುಳ್ಳೋ ಎಂದು ಯಾರೋ ಕೇಳಿದರು. ಅದು ನಮ್ಮ ಡ್ರಿಲ್ ಮಾಸ್ತರರೇ ಎಂದು ನನಗೆ ಸಂಶಯ, ಆದರೆ ಒರಸುಬಟ್ಟೆ ಬಾಯಿ ಬಿಡಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ನಾನೊಂದು ವಿಭಾಗ ಸೇರಿಸಿದ್ದೆ, ದೊಡ್ಡವರಿಗೆ ಅಕ್ಷರ ಕಲಿಸುವ ಮುನ್ನೂರು ಪಾಠ. ಅದಕ್ಕೆ ದನಿ ನನ್ನದೇ, ಅಂದರೆ ನನ್ನದಲ್ಲ. ನನಗೆ ಒಂದನೆಯ ತರಗತಿ ಕಲಿಸಿದ ಗಂಗಕ್ಕೋರ ದನಿ. ಅವರು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಪ್ರತಿಯೊಂದು ಸಾಲು ಓದಿಸಿದ ಮೇಲೆ ಅವರು ಮೇಜಿಗೆ ಬೆರಳಿನಿಂದ ಎರಡು ಸಲ ಬಡಿದು ‘ಹೂಂ, ಮುಂದ’ ಎನ್ನುತ್ತಿದ್ದರು. ತಪ್ಪಿದರೂ ಅದೇ, ಸರಿಯಾದರೂ ಅದೇ. ಆ ಬಡಿತವನ್ನೂ ಆ ಮಾತನ್ನೂ ನಾನು ಮುನ್ನೂರು ಪಾಠದಲ್ಲೂ ಬಿಡದೆ ತುಂಬಿದ್ದೆ. ಆದರೆ ಆ ಮೂಲೆಗೆ ಜನ ಬರಲಿಲ್ಲ. ಬಂದ ಒಬ್ಬಿಬ್ಬರು ಎರಡನೆಯ ಪಾಠಕ್ಕೆ ಜಾರಿಕೊಂಡರು.

ಒಬ್ಬರನ್ನು ಬಿಟ್ಟು. ದಿನಾ ನಸುಕಿನ ಐದೂವರೆಗೆ ಒಂದು ಬಿಲ್ಲೆ ಬರುತ್ತಿತ್ತು. ನಿನ್ನೆ ನಲವತ್ತಾದರೆ ಇವತ್ತು ನಲವತ್ತೊಂದು. ದೀಪಾವಳಿಗೂ ತಪ್ಪಲಿಲ್ಲ, ಊರಿಗೆಲ್ಲ ಜ್ವರ ಬಂದ ವಾರದಲ್ಲೂ ತಪ್ಪಲಿಲ್ಲ. ಪಾಠ ಇನ್ನೂರು ದಾಟಿದ ದಿನ ಮೇಡಂಗೆ ತೋರಿಸಿದೆ. ಅವರ ಕಣ್ಣು ತುಂಬಿ ಬಂತು. ಕೂಡಲೇ ಅವರು ನಮ್ಮ ಕಡೆಯವರೆಲ್ಲ ಮಾಡುವ ತಪ್ಪನ್ನೇ ಮಾಡಿದರು. ಈ ಸಲದ ಗ್ಯಾದರಿಂಗಿನಲ್ಲಿ ಇವರಿಗೊಂದು ಸನ್ಮಾನ ಮಾಡಲೇಬೇಕು ಎಂದುಬಿಟ್ಟರು.

ನಿಮಗೆ ನಮ್ಮ ಊರಿನ ಸನ್ಮಾನದ ಹುಚ್ಚು ಗೊತ್ತಿರಲಿಕ್ಕಿಲ್ಲ. ಶಾಲೆಯಲ್ಲಿ ಗ್ಯಾದರಿಂಗ್ ಎಂದು ಕರೆಯುವ ವಾರ್ಷಿಕ ಸಮಾರಂಭದಲ್ಲಿ ಮಕ್ಕಳ ಹಾಡು ಎರಡು, ನಾಟಕ ಒಂದು, ಸನ್ಮಾನ ಇಪ್ಪತ್ತಾರು. ಗಂಟೆ ಬಾರಿಸುವವರಿಗೆ ಶಾಲು, ಶಾಲು ತಂದುಕೊಟ್ಟ ಅಂಗಡಿಯವರಿಗೆ ಶಾಲು. ಶಾಲೆಗಿಂತ ಶಾಲೇ ದೊಡ್ಡದು ಎಂದು ನಾನು ಅಂದದ್ದಕ್ಕೆ ಹಿಂದೊಮ್ಮೆ ನನಗೆ ಮೆಮೋ ಬಂದಿತ್ತು.

ಈ ಸನ್ಮಾನಗಳಿಗೆಲ್ಲ ಯಜಮಾನರು ಶಾಲಾ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಬಸವಂತಪ್ಪ ಕಳಸಣ್ಣವರ. ಅರವತ್ತೊಂದು ವರ್ಷ, ಎರಡು ಬದಿಗೂ ಚಾಚಿದ ಮೀಸೆ, ದೊಡ್ಡ ಅಚ್ಚುಕೂಟದ ಮಾಲೀಕರು. ಒಂಬತ್ತನೆಯ ವಯಸ್ಸಿಗೆ ಮಷಿನ್ನಿಗೆ ಹಾಳೆ ಕೊಡುವ ಕೆಲಸಕ್ಕೆ ಸೇರಿ ಅದೇ ಅಚ್ಚುಕೂಟವನ್ನು ಕೊಂಡವರು. ಶಾಯಿಯ ವಾಸನೆಯಿಂದಲೇ ಯಾವ ಮಷಿನ್ನಿನಲ್ಲಿ ಅಚ್ಚಾದದ್ದು ಎಂದು ಹೇಳುತ್ತಿದ್ದರು. ಸುತ್ತಲಿನ ಲಗ್ನಪತ್ರಿಕೆ, ಮಾನಪತ್ರ, ಪಂಚಾಂಗ ಎಲ್ಲ ಅವರಲ್ಲೇ. ಭಾಷಣ ಮಾತ್ರ ಬಹಳ ಉದ್ದ. ಹಾಳೆಯನ್ನು ಮೊಳದುದ್ದ ದೂರ ಹಿಡಿದು, ಅಲ್ಲಲ್ಲಿ ಕಣ್ಣಾಡಿಸಿ, ನಲವತ್ತು ನಿಮಿಷ ಗುಡುಗುವರು.

ಒಮ್ಮೆ ನನ್ನ ಕೈ ಸುಮ್ಮನಿರದೆ ಅವರ ಭಾಷಣದ ಹಾಳೆ ತೆಗೆದು, ಆ ಜಾಗದಲ್ಲಿ ಅವರದೇ ಅಚ್ಚುಕೂಟದ ಹಪ್ಪಳದ ಪಾಕೀಟಿನ ಕಾಗದ ಇಟ್ಟೆ. ಅವರು ಹಪ್ಪಳವನ್ನು ನೋಡಿ ನೋಡಿ ವಿದ್ಯೆಯ ಮಹಿಮೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಎಷ್ಟು ಸೊಕ್ಕಿನ ನೆನಪಿನ ಶಕ್ತಿ ಎಂದುಕೊಂಡು ಒಳಗೊಳಗೇ ನಕ್ಕೆ. ಮರುವರ್ಷ ಪಂಚಾಂಗದ ಹಾಳೆ. ಅದರ ಮರುವರ್ಷ ಕರೆಂಟಿನ ಬಿಲ್ಲು. ಮೂರು ವರ್ಷ ನಕ್ಕರೂ ನನ್ನ ತಲೆಗೆ ಬೇರೊಂದು ಅರ್ಥ ಹೊಳೆಯಲೇ ಇಲ್ಲ. ಜಾಣ ಎಂದು ಹೆಸರಾದವನ ಪಾಡು ಇದು.

ಸನ್ಮಾನ ಎಂದ ಮೇಲೆ ಹೆಸರು ಬೇಕಲ್ಲ. ಮೇಡಂಗೂ ಗೊತ್ತಿತ್ತು, ನಾವೇ ಕಟ್ಟಿದ ಒರಸುಬಟ್ಟೆ ಹೆಸರು ಹೇಳುವುದಿಲ್ಲ ಎಂದು. ಆದರೆ ನನ್ನ ತಲೆಯಲ್ಲಿ ಹುಳ ಹೊಕ್ಕಿತ್ತು. ಯಂತ್ರ ಹೇಳದಿದ್ದರೇನು, ಬಂದವರ ಬಾಯಿಂದಲೇ ಹೇಳಿಸಿದರಾಯಿತು.

ಒಂದು ದಿನ ನಸುಕಿನಲ್ಲೇ ಥರ್ಮಾಸಿನಲ್ಲಿ ಚಹಾ ಹಿಡಿದುಕೊಂಡು ಉಗ್ರಾಣಕ್ಕೆ ಹೋಗಿ ಕೂತೆ. ಐದೂವರೆಗೆ ಬಿಲ್ಲೆ ಬಂತು, ಇನ್ನೂರ ಹನ್ನೆರಡನೆಯ ಪಾಠ. ಧ್ವನಿ ಮುದ್ರಿಸಿಟ್ಟ ಗಂಗಕ್ಕೋರನ್ನು ನಿಲ್ಲಿಸಿ, ಮೈಕು ಎಳೆದುಕೊಂಡು ನಾನೇ ಗಂಗಕ್ಕೋರಾದೆ. ಪಾಠ ಮುಗಿಸಿ, ಬೆರಳಿನಿಂದ ಎರಡು ಸಲ ಬಡಿದು, ಇವತ್ತಿನ ಅಭ್ಯಾಸಕ್ಕೆ ನಿಮ್ಮ ಹೆಸರನ್ನೂ ಓಣಿಯನ್ನೂ ಬರೆದು ತೋರಿಸಿರಿ ಎಂದೆ. ಆ ಕಡೆಯವರು ವಿಧೇಯರಾಗಿ ಬರೆದರು. ಬರೆದಿದ್ದಾರೆಂದು ನನಗೆ ಗೊತ್ತಾದದ್ದು, ಪರದೆಯ ಮೇಲೆ ಎರಡು ಬಿಳಿಯ ಖಾಲಿ ಜಾಗ ಮೂಡಿದ್ದರಿಂದ. ಒರಸುಬಟ್ಟೆ ತನ್ನ ಕೆಲಸ ಮಾಡಿತ್ತು. ನಾನು ಕಟ್ಟಿದ ಕದ ನನ್ನ ಮೂಗಿಗೇ ಬಡಿಯಿತು. ನೋವಾದರೂ ಕದ ಗಟ್ಟಿಯಿದೆ ಎಂದು ಒಂದು ಬಗೆಯ ಹೆಮ್ಮೆಯೂ ಆಯಿತು.

ನಾನು ಅಷ್ಟಕ್ಕೆ ಬಿಡಬೇಕಿತ್ತು. ಬಿಡದೆ ಇನ್ನೊಮ್ಮೆ ಕೇಳಿದೆ. ಆಮೇಲೆ ಒಂದೊಂದೇ ಅಕ್ಷರ, ಹೊಸದಾಗಿ ನಡೆಯುವವರು ಹೆಜ್ಜೆ ಇಟ್ಟಂತೆ, ಪರದೆಯ ಮೇಲೆ ಬಂದು ನಿಂತವು.

‘ಅಕ್ಕೋರ, ಹೆಸರು ಯಾಕ್ರಿ. ಗೊತ್ತಾದ್ರ ಮಂದಿ ನಗತಾರ. ಮತ್ತ ನಾ ಬರಾಂಗಿಲ್ಲ.’

ಇಷ್ಟು ಬರೆಯಲು ಒಂಬತ್ತು ನಿಮಿಷ ಹಿಡಿದಿತ್ತು. ನನ್ನ ಚಹಾ ಆರಿಹೋಗಿತ್ತು. ಗಂಗಕ್ಕೋರ ದನಿಯಲ್ಲಿ ‘ಹೂಂ, ಮುಂದ’ ಎಂದೆ. ಮರುದಿನ ಇನ್ನೂರ ಹದಿಮೂರನೆಯ ಪಾಠಕ್ಕೆ ಬಿಲ್ಲೆ ಬರುವವರೆಗೆ ನನಗೆ ಸಮಾಧಾನವಿರಲಿಲ್ಲ.

ಹೆಸರು ಕೇಳಿದ ದಿನವೇ ಸಂಜೆ ಮನೆಯಲ್ಲಿ ಇದನ್ನೊಂದು ನಗೆಪ್ರಸಂಗ ಮಾಡಿ ಹೇಳಲು ನೋಡಿದೆ. ಗಂಗಕ್ಕೋರ ದನಿ, ಪರದೆಯ ಖಾಲಿ ಜಾಗ, ನನ್ನ ಮೂಗು, ಎಲ್ಲ ಬಣ್ಣ ಕಟ್ಟಿ ಹೇಳಿದೆ. ನನ್ನ ಹೆಂಡತಿ ದಾಕ್ಷಾಯಣಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಗಲಿಲ್ಲ. ಎದ್ದು ಹೋಗಿ ಫ್ರಿಜ್ಜಿನ ವೈರು ಕಿತ್ತು ಬಂದಳು. ನಮ್ಮ ಮನೆಯಲ್ಲಿ ಮುಖ್ಯವಾದ ಮಾತಿಗೆ ಮುಂಚೆ ನಡೆಯುವ ಶಾಸ್ತ್ರ ಅದು.

ಹೋದ ವರ್ಷ ತನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು ಎಂದಳು. ಯಾರನ್ನು ಕೇಳುವುದು? ಔಷಧಿ ಅಂಗಡಿಯ ಬಾಗಿಲನ್ನು ಕೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ಫೋನನ್ನು ಕೇಳಿದರೆ ನನಗೆ ಗೊತ್ತು, ನಾನು ಹೆದರಿ ಊಟ ಬಿಡುತ್ತೇನೆ. ಆಕೆ ಹೋದದ್ದು ನಮ್ಮ ಪಡಸಾಲೆಗೆ, ಎಂಟನೆಯ ತರಗತಿಯ ಆರೋಗ್ಯದ ಪಾಠಕ್ಕೆ. ಅಲ್ಲಿ ಕೇಳಿ, ಧೈರ್ಯ ತಂದುಕೊಂಡು, ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ತೋರಿಸಿಕೊಂಡು ಬಂದಿದ್ದಳು. ಏನೂ ಇರಲಿಲ್ಲ, ಕರಗಿಹೋಯಿತು.

“ನೀವು ಕಟ್ಟಿದ ಪಡಸಾಲಿ ನಿಮಗೂ ಹೇಳಲಿಲ್ಲ ನೋಡ್ರಿ,” ಎಂದಳು. “ಅವತ್ತ ನಿಮ್ಮ ಮ್ಯಾಲೆ ನನಗ ಎಷ್ಟು ಅಭಿಮಾನ ಬಂತು ಗೊತ್ತೇನು? ಈಗ ನೀವ ಹೋಗಿ ಕಿಂಡ್ಯಾಗ ಇಣಿಕಿ ನೋಡ್ತೀರಿ.”

ನಾನು ಎದ್ದು ಹೋಗಿ ಫ್ರಿಜ್ಜಿನ ವೈರು ಮತ್ತೆ ಸಿಕ್ಕಿಸಿದೆ.

ಆ ವಾರವೇ ಸಮಿತಿಯ ಸಭೆ. ನಸುಕಿನ ಕಲಿಕೆಯವರಿಗೆ ಸನ್ಮಾನ ಎಂಬ ಸುದ್ದಿ ಅಷ್ಟರಲ್ಲಿ ಓಣಿ ದಾಟಿ ಹುಬ್ಬಳ್ಳಿಯವರೆಗೆ ಹೋಗಿತ್ತು. ಅಲ್ಲಿಂದ ‘ಸವಿನೆನಪು’ ಎಂಬ ಕಂಪನಿಯ ಪ್ರತಿನಿಧಿ, ಇಸ್ತ್ರಿ ಮಾಡಿದ ನಗೆಯ ಯುವಕ, ಬಂದು ಕೂತಿದ್ದ. ಅವನ ಮಾತು ಸರಳವಾಗಿತ್ತು. ಒಂದೇ ವಾರ ತಮ್ಮ ಕುಕ್ಕಿಯನ್ನು ನಮ್ಮ ಬಿಲ್ಲೆಯ ಬೆನ್ನಿಗೆ ಅಂಟಿಸಲು ಬಿಟ್ಟರೆ ಸಾಕು, ಆ ವ್ಯಕ್ತಿಯ ಹೆಸರು, ಮುಖ, ಚಪ್ಪಲಿಯ ಅಳತೆ ಎಲ್ಲ ಕೊಡುತ್ತಾರೆ. ಜೊತೆಗೆ ಶಾಲೆಗೆ ಇಪ್ಪತ್ತು ಹೊಸ ಯಂತ್ರ. ಮೇಡಂ ಬೇಡವೆಂದರು. ಹೆಸರಿಲ್ಲದೆ ಮಾನಪತ್ರ ಹೇಗೆ ಬರೆಸುವುದು, ಒಳ್ಳೆಯದು ಮಾಡಲಿಕ್ಕೇ ಅಲ್ಲವೇ ಕೇಳುತ್ತಿರುವುದು ಎಂದು ಸದಸ್ಯರು ಅವರ ಬಾಯಿ ಕಟ್ಟಿದರು. ‘ಗೊತ್ತಾದರೆ ನಾನು ಬರುವುದಿಲ್ಲ’ ಎಂದು ಆ ವ್ಯಕ್ತಿ ಬರೆದದ್ದು ನನಗೊಬ್ಬನಿಗೇ ಗೊತ್ತಿತ್ತು. ಅದು ಅಂದೇ ಸಂಜೆ ಆರಕ್ಕೆ ಒರಸಿಹೋಗಿತ್ತು. ಹೇಳಬೇಕೆಂದರೆ ನನ್ನ ಕಳ್ಳ ಗಂಗಕ್ಕೋರ ಸಂಗತಿಯನ್ನೂ ಮೇಡಂ ಎದುರು ಒಪ್ಪಿಕೊಳ್ಳಬೇಕು. ಊರಿನ ಎಲ್ಲರ ದನಿ ಬರುವ ನನಗೆ ಆ ಹೊತ್ತಿನಲ್ಲಿ ನನ್ನ ದನಿ ಬರಲಿಲ್ಲ.

ಪ್ರತಿನಿಧಿ ಒಪ್ಪಂದ ತೆರೆದಿಟ್ಟ ಟ್ಯಾಬ್ಲೆಟ್ ಫಲಕವನ್ನು ಮೇಜಿನ ಸುತ್ತ ಕಳಿಸಿದ. ಹನ್ನೊಂದು ಮಂದಿ ಸದಸ್ಯರು ಹನ್ನೊಂದು ಸೆಕೆಂಡಿನಲ್ಲಿ ‘ಒಪ್ಪಿಗೆ’ ಒತ್ತಿದರು. ಯಾರೂ ಓದಲಿಲ್ಲ. ಆ ಕಾಲದಲ್ಲಿ ಯಾರು ಓದುತ್ತಿದ್ದರು? ನಾನೇ ಎಂದೂ ಓದಿದವನಲ್ಲ. ಕೊನೆಯದು ಅಧ್ಯಕ್ಷರದು. ಬಸವಂತಪ್ಪನವರು ಹಿಂದೆಲ್ಲ ಸಹಿ ಎಲ್ಲಿ ಎಂದು ಕೇಳಿ ಮೀಸೆಯಷ್ಟೇ ದೊಡ್ಡ ಸಹಿ ಎಳೆಯುವವರು. ಅಂದು ಫಲಕವನ್ನು ಬದಿಗೆ ಸರಿಸಿ, ಹಾಳೆಯ ಮೇಲೆ ಕೊಡಿರಿ ಎಂದರು.

ಹದಿನಾಲ್ಕು ಹಾಳೆ ಬಂತು. ಅವರು ಮೊದಲ ಸಾಲಿನ ಮೇಲೆ ಬೆರಳಿಟ್ಟು ಕೂತರು. ಅರ್ಧ ಗಂಟೆಯಾಯಿತು, ಎರಡನೆಯ ಹಾಳೆ. ಚಹಾ ಬಂದು ಹೋಯಿತು. ಸದಸ್ಯರು ಒಬ್ಬೊಬ್ಬರಾಗಿ ಹೊರಗೆ ಹೋಗಿ ಎಲೆಯಡಿಕೆ ಹಾಕಿಕೊಂಡು ಬಂದರು. ಪ್ರತಿನಿಧಿ ಮೊದಲು ಗಡಿಯಾರ ನೋಡಿದ, ಆಮೇಲೆ ರೈಲಿನ ವೇಳೆ ನೋಡಿದ. ಸಾರ್, ಇದು ಎಲ್ಲ ಕಡೆ ಇರುವ ಮಾಮೂಲಿ ಒಪ್ಪಂದ, ಯಾರೂ ಪೂರ್ತಿ ಓದುವುದಿಲ್ಲ ಎಂದು ನಯವಾಗಿ ಹೇಳಿದ. ಅಧ್ಯಕ್ಷರು ತಲೆ ಎತ್ತದೆ, ಕನ್ನಡಕ ಹಳೇದು, ತಡ ಆಗತೈತಿ ಎಂದಷ್ಟೇ ಹೇಳಿದರು. ತುಟಿ ಮಾತ್ರ ಅಲುಗುತ್ತಿತ್ತು. ಬೇಕೆಂದೇ ಸತಾಯಿಸುತ್ತಿದ್ದಾರೆ ಎಂದು ನಾವೆಲ್ಲ ತಿಳಿದೆವು.

ಒಂಬತ್ತನೆಯ ಹಾಳೆಯಲ್ಲಿ ಬೆರಳು ನಿಂತಿತು. ಅದೇ ಸಾಲಿನ ಮೇಲೆ ಮೂರು ಸಲ ಹೋಗಿ ಬಂತು. ಆಮೇಲೆ ಬೆರಳು ತೆಗೆಯದೆ ಹಾಳೆಯನ್ನು ಮೇಡಂ ಕಡೆ ತಿರುಗಿಸಿ, ಇದನ್ನೊಂದು ಜೋರಾಗಿ ಓದಿರಿ ಎಂದರು. ಮೇಡಂ ಓದಿದರು. ಶಾಲೆಯ ತಾಣಕ್ಕೆ ಬಂದ ಸಂದರ್ಶಕರೆಲ್ಲರ ಮುಖ, ಧ್ವನಿ, ಕಲಿಕೆಯ ಮಟ್ಟ ಮತ್ತು ಅವರು ಮಾಡಿದ ತಪ್ಪುಗಳ ವಿವರ ಇನ್ನು ಮುಂದೆ ಶಾಶ್ವತವಾಗಿ ಸಂಸ್ಥೆಯ ಸ್ವತ್ತು, ಅದನ್ನು ಯಾರಿಗೆ ಬೇಕಾದರೂ ಕೊಡುವ ಹಕ್ಕು ಸಂಸ್ಥೆಗಿದೆ.

ಹನ್ನೊಂದು ಬೆರಳುಗಳು ಮೇಜಿನ ಕೆಳಗೆ ಇಳಿದವು.

“ಒಂದು ವಾರ ಅಂದ್ರಿ, ಒಂದು ಹೆಸರು ಅಂದ್ರಿ,” ಎಂದರು ಬಸವಂತಪ್ಪ, ಪ್ರತಿನಿಧಿಯನ್ನು ನೋಡಿ. ದನಿ ಏರಲಿಲ್ಲ. “ಇಲ್ಲಿ ಎಲ್ಲಾರ ತಪ್ಪು ಬೇಕು ಅಂತ ಬರದೈತಿ. ಪಾಟಿ ಮ್ಯಾಲಿನ ತ‌ಪ್ಪು ಒರಸಾಕ ಇರೋದ ತಮ್ಮಾ. ಕಟ್ಟಿಕೊಂಡು ಸಂತ್ಯಾಗ ಮಾರಾಕಲ್ಲ. ನಾ ಸಹಿ ಮಾಡಾಂಗಿಲ್ಲ.”

ಪ್ರತಿನಿಧಿಗೆ ಅಂದಿನ ರೈಲು ತಪ್ಪಿತು. ಮೇಡಂ ಅವನಿಗೆ ಊಟ ಹಾಕಿಸಿ, ಸಂಜೆ ಬಸ್ಸು ಹತ್ತಿಸಿದರು. ಹೋಗುವಾಗ ಅವನು, ಮೂರು ವರ್ಷದಲ್ಲಿ ಒಂಬತ್ತನೆಯ ಹಾಳೆ ಮುಟ್ಟಿದವರು ಇವರೊಬ್ಬರೇ ಎಂದು ನನ್ನ ಹತ್ತಿರ ಒಪ್ಪಿಕೊಂಡ.

ಸನ್ಮಾನ ಮಾತ್ರ ರದ್ದಾಗಲಿಲ್ಲ. ಆಗುವುದುಂಟೇ? ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ ಇಟ್ಟು ಅದಕ್ಕೇ ಶಾಲು ಹೊದಿಸುವುದೆಂದು ಮೇಡಂ ಉಪಾಯ ತೆಗೆದರು. ಹೆಸರಿಲ್ಲದ ಮಾನಪತ್ರ ಬಸವಂತಪ್ಪನವರ ಅಚ್ಚುಕೂಟದಲ್ಲೇ ಬಂಗಾರದ ಅಂಚಿನಲ್ಲಿ ಅಚ್ಚಾಯಿತು.

ಇನ್ನು ನನ್ನ ಕಥೆ. ಇಷ್ಟಾದ ಮೇಲೂ ಬುದ್ಧಿ ಬರಬೇಕಲ್ಲ. ಗ್ಯಾದರಿಂಗಿನಲ್ಲಿ ನನ್ನ ಮಿಮಿಕ್ರಿ ಇರುತ್ತದೆ, ಮಂದಿ ಅದಕ್ಕಾಗಿಯೇ ಕಾಯುತ್ತಾರೆ. ಈ ಸಲ ಅಧ್ಯಕ್ಷರ ಕೆಂಪು ಫೈಲಿನೊಳಗಿನ ಭಾಷಣ ತೆಗೆದು, ಅವರ ಬಗ್ಗೆಯೇ ಅವರ ದನಿಯಲ್ಲಿ ನಾನು ಬರೆದ ಒಂದು ಹಾಳೆ ಇಟ್ಟೆ, ದೊಡ್ಡ ದೊಡ್ಡ ಅಕ್ಷರದಲ್ಲಿ. ಎಂದಿನಂತೆ ಅವರು ಅದನ್ನು ಹಿಡಿದುಕೊಂಡು ಬಾಯಿಪಾಠ ಒಪ್ಪಿಸುತ್ತಾರೆ. ಮುಗಿದ ಮೇಲೆ ನಾನು ಎದ್ದು, ಅಧ್ಯಕ್ಷರ ಕೈಯಲ್ಲಿದ್ದದ್ದು ನಿಜಕ್ಕೂ ಏನು ಗೊತ್ತೇ ಎಂದು ಆ ಹಾಳೆ ಇಸಿದುಕೊಂಡು, ಅವರದೇ ದನಿಯಲ್ಲಿ ಓದಿ ನಗಿಸಬೇಕು. ಅದು ಲೆಕ್ಕಾಚಾರ.

ಸಮಾರಂಭದ ದಿನ ಅಂಗಳ ತುಂಬಿತ್ತು. ಇಪ್ಪತ್ತಾರು ಸನ್ಮಾನ ಮುಗಿದು ಇಪ್ಪತ್ತೇಳನೆಯದು ಬಂತು. ಮೇಡಂ ಮಾನಪತ್ರ ಓದಿದರು. ನೀವು ಯಾರೆಂದು ನಮಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಈ ಶಾಲೆಯ ಹೆಮ್ಮೆ ಎಂದು ಅದರಲ್ಲಿತ್ತು. ಅಂಗಳವೆಲ್ಲ ಚಪ್ಪಾಳೆ. ಬಸವಂತಪ್ಪನವರು ತಮ್ಮ ಪಕ್ಕದ ಖಾಲಿ ಕುರ್ಚಿಗೆ ತಾವೇ ಶಾಲು ಹೊದಿಸಿದರು. ಹೊದಿಸಿದ ಮೇಲೆ ಅದರ ಮಡಿಕೆಗಳನ್ನು ಸ್ವಲ್ಪ ಹೆಚ್ಚೇ ಹೊತ್ತು ಸರಿಮಾಡುತ್ತ ನಿಂತರು.

ಆಮೇಲೆ ಅಧ್ಯಕ್ಷೀಯ ಭಾಷಣ. ಕೆಂಪು ಫೈಲು ತೆರೆದರು, ಹಾಳೆ ತೆಗೆದರು. ಹಿಂದಿನಂತೆ ಮೊಳದುದ್ದ ದೂರ ಹಿಡಿಯಲಿಲ್ಲ. ಹತ್ತಿರ ತಂದುಕೊಂಡರು. ಎಡಗೈಯಲ್ಲಿ ಹಾಳೆ, ಬಲಗೈಯ ಬೆರಳು ಮೊದಲ ಅಕ್ಷರದ ಮೇಲೆ. ಮೈಕಿನಲ್ಲಿ ಅವರ ದನಿ ನಿಧಾನವಾಗಿ ಬಂತು.

“ನಾನು. ಬಸವಂತಪ್ಪ. ನನ್ನ ಮೀಸಿ. ನನಗಿಂತ. ಐದು ನಿಮಿಷ ಮೊದಲ. ಸಭಾಕ ಬರತೈತಿ.”

ಅಂಗಳದಲ್ಲಿ ಒಂದು ಸಣ್ಣ ನಗೆ ಎದ್ದು, ನಗಬಹುದೋ ಬಾರದೋ ತಿಳಿಯದೆ ಅಲ್ಲೇ ಸತ್ತಿತು. ಮೇಡಂ ನನ್ನತ್ತ ನೋಡಿದರು. ಆ ನೋಟದಲ್ಲಿ ಇನ್ನೊಂದು ಮೆಮೋ ಇತ್ತು. ಓಡಿಹೋಗಿ ಹಾಳೆ ಕಿತ್ತುಕೊಳ್ಳಬೇಕು ಎಂದು ನಾನು ಅರ್ಧ ಎದ್ದಿದ್ದೆ. ಆಗ ಅಧ್ಯಕ್ಷರು, ಸಾಲು ಮುಗಿಯಿತಲ್ಲ, ಭಾಷಣದ ಮೇಜಿಗೆ ಬೆರಳಿನಿಂದ ಎರಡು ಸಲ ಬಡಿದರು. ತಮಗೇ ಹೇಳಿಕೊಂಡಂತೆ, “ಹೂಂ, ಮುಂದ,” ಎಂದರು.

ನಾನು ಎದ್ದಲ್ಲೇ ನಿಂತೆ. ಅದು ಗಂಗಕ್ಕೋರ ಬಡಿತ, ಗಂಗಕ್ಕೋರ ಮಾತು. ನನ್ನ ಬಾಯಿಂದ ಹೊರಟು, ಉಗ್ರಾಣದ ಯಂತ್ರ ದಾಟಿ, ಯಾವುದೋ ಮನೆಯ ನಸುಕಿನಲ್ಲಿ ಇಳಿದಿದ್ದ ದನಿ ಈಗ ಆ ಮೀಸೆಯ ಕೆಳಗಿನಿಂದ ನನ್ನ ಎದುರಿಗೇ ಬರುತ್ತಿತ್ತು. ಜೀವನವಿಡೀ ಮಂದಿಯ ಮಿಮಿಕ್ರಿ ಮಾಡಿದ ನನ್ನ ಮಿಮಿಕ್ರಿಯನ್ನು ಮತ್ತೊಬ್ಬರು ಮಾಡಿದ್ದು ಅದೇ ಮೊದಲು. ಅಂಗಳದ ಸಾವಿರ ಮಂದಿಯಲ್ಲಿ ಅದರ ಅರ್ಥ ತಿಳಿದವನು ನಾನೊಬ್ಬನೇ. ಹಪ್ಪಳದ ಪಾಕೀಟು, ಪಂಚಾಂಗ, ಕರೆಂಟಿನ ಬಿಲ್ಲು, ಮೂರೂ ಒಟ್ಟಿಗೆ ಬಂದು ನನ್ನ ಕೆನ್ನೆಗೆ ಬಿದ್ದವು. ಐವತ್ತೆರಡು ವರ್ಷ ಊರಿಗೆಲ್ಲ ಅಕ್ಷರ ಅಚ್ಚು ಹಾಕಿಕೊಟ್ಟ ಮನುಷ್ಯನಿಗೆ ಅವು ಬರಿಯ ಶಾಯಿಯ ಚಿತ್ರಗಳಾಗಿದ್ದವು. ಸಮಿತಿಯ ಸಭೆಯಲ್ಲಿ ತುಟಿ ಅಲುಗಿಸುತ್ತ ಕೂತದ್ದು ಸತಾಯಿಸಲಿಕ್ಕಲ್ಲ. ಹದಿನಾಲ್ಕು ಹಾಳೆಯ ಒಪ್ಪಂದ ಅವರು ಬದುಕಿನಲ್ಲಿ ಓದಿದ ಮೊದಲ ಕಾಗದ. ಅಕ್ಷರ ಹೊಸದಾದವರಿಗೆ ಒಂದನ್ನೂ ಬಿಟ್ಟು ಓದಲು ಬರುವುದಿಲ್ಲ.

ನಾನು ಮತ್ತೆ ಕೂತೆ. ಪಕ್ಕದಲ್ಲಿದ್ದ ದಾಕ್ಷಾಯಣಿ ನನ್ನ ಮುಖ ನೋಡಿ, ಏನಾಯಿತು ಎಂದು ಕೇಳಿದಳು. ಏನಿಲ್ಲ ಎಂದೆ. ಒರಸುಬಟ್ಟೆಯನ್ನು ನಾನೇ ಹೊಲಿದಿದ್ದೆ, ಅಂದು ಮೊದಲ ಸಲ ಅದು ನನ್ನ ಬಾಯಿಗೆ ಅಳತೆ ಸರಿಹೊಂದಿತು.

ವೇದಿಕೆಯ ಮೇಲೆ ಬೆರಳು ಮುಂದೆ ನಡೆಯುತ್ತಲೇ ಇತ್ತು.

“ನಾ ಎರಡ ಮಾತು ಅಂತೇನಿ. ಎರಡ ಸಾವಿರ. ಆಡ್ತೇನಿ. ಹೂಂ, ಮುಂದ. ಹೋದ ವರ್ಷ. ನನ್ನ ಭಾಷಣ ಮುಗಿಯೋದ್ರಾಗ. ಒಂದನೇತ್ತೆ ಹುಡುಗ್ರು. ಎರಡನೇತ್ತೆಗೆ. ಪಾಸಾಗಿ. ಹೋಗಿದ್ರು.”

ಓದಿ ಮುಗಿಸಿದ ಮೇಲೆ ಅರ್ಥ ಅವರಿಗೆ ಒಂದು ಕ್ಷಣ ತಡವಾಗಿ ಮುಟ್ಟಿತು. ಹಾಳೆಯಿಂದ ತಲೆ ಎತ್ತಿದರು. ನನ್ನನ್ನು ಹುಡುಕಿದರು, ಕಣ್ಣು ನನ್ನ ಮೇಲೆ ನಿಂತಿತು. ಯಾರು ಬರೆದದ್ದೆಂದು ಕೇಳಬೇಕಾಗಿರಲಿಲ್ಲ. ನಾನು ಎರಡು ಕೈ ಜೋಡಿಸಿ, ಶಿಕ್ಷೆಗೆ ಕಾದೆ.

ಅವರ ಮೀಸೆಯ ಒಂದು ತುದಿ ಅಲುಗಿತು. ಆಮೇಲೆ ಇನ್ನೊಂದು. ಆಮೇಲೆ ಹೊಟ್ಟೆಯ ಆಳದಿಂದ ಒಂದು ನಗೆ ಹೊರಟಿತು. ಮೈಕು ಕಿರುಚಿತು, ಗಿಡದ ಮೇಲಿನ ಹಕ್ಕಿಗಳು ಎದ್ದು ಹಾರಿದವು. ಅವರ ನಗೆ ನೋಡಿ ಮಕ್ಕಳು ನಕ್ಕರು, ಮಕ್ಕಳನ್ನು ನೋಡಿ ಮಗ್ಗದ ಓಣಿಯೆಲ್ಲ ನಕ್ಕಿತು, ಮೇಡಂ ಮೆಮೋ ಮರೆತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಧ್ಯಕ್ಷರು ತಮ್ಮ ಮೇಲಿನ ಚೇಷ್ಟೆಗೆ ನಗುತ್ತಿದ್ದಾರೆ, ದೊಡ್ಡ ಮನಸ್ಸು ಎಂದು ಎಲ್ಲರೂ ತಿಳಿದರು. ಅವರು ನಗುತ್ತಿದ್ದದ್ದು, ನಗೆಬರುವ ಒಂದು ಸಾಲನ್ನು ಜೀವಮಾನದಲ್ಲಿ ಮೊದಲ ಸಲ ತಾವೇ ಓದಿ ನಗೆ ಬಂದದ್ದಕ್ಕೆ.

ಹಾಳೆಯಲ್ಲಿ ಇನ್ನೂ ಆರು ಸಾಲು ಬಾಕಿ ಇದ್ದವು. ಬಸವಂತಪ್ಪನವರು ಪಕ್ಕದ ಖಾಲಿ ಕುರ್ಚಿಗೆ ಹೊದಿಸಿದ್ದ ಶಾಲಿನ ತುದಿ ಎಳೆದುಕೊಂಡು ಕಣ್ಣೊರಸಿಕೊಂಡರು. ಮೇಜಿಗೆ ಎರಡು ಸಲ ಬಡಿದು, ಮುಂದಿನ ಸಾಲಿನ ಮೇಲೆ ಬೆರಳಿಟ್ಟರು. ಓದುವ ಮೊದಲೇ, ಇಡೀ ಅಂಗಳಕ್ಕಿಂತ ಜೋರಾಗಿ, ಮತ್ತೆ ನಗತೊಡಗಿದರು.